ತೂಕ ಏರುತ್ತಿಲ್ಲ, ನನ್ನ ಹಾಲು ಸಾಲುತ್ತಿಲ್ಲವೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ತವರು, ಬಾಣಂತನಕ್ಕೆ ಬಂದಿದ್ದೇನೆ. ಚೊಚ್ಚಲ ಮಗು, ಹೆಣ್ಣು. ತಿಂಗಳು ತುಂಬಿಯೇ ಹುಟ್ಟಿದ್ದು. ಹುಟ್ಟುವಾಗ 2 ಕಿಲೋ 900 ಗ್ರಾಂ ಇದ್ದಳು, ಐದನೇ ದಿನ 2 ಕಿಲೋ 650. ಈಗ ಏಳು ವಾರ. ಮೊನ್ನೆ ಚುಚ್ಚುಮದ್ದಿಗೆ ಹೋದಾಗ 3 ಕಿಲೋ 300. ‘ತೂಕ ಕಮ್ಮಿ’ ಎಂದು ಕಾರ್ಡಿನಲ್ಲಿ ಏನೋ ಬರೆದುಕೊಟ್ಟರು, ಮಲಯಾಳ ನನಗೆ ಓದಲು ಬಾರದು. ಹಾಲು ಕುಡಿಯಲು ಒಂದು ಗಂಟೆ ಬೇಕು. ನಡುವೆ ನಿದ್ದೆ ಹೋಗುತ್ತಾಳೆ, ಕೆಳಗೆ ಮಲಗಿಸಿದರೆ ಅಳು. ಚೀಪುವಾಗ ಟಕ್ ಟಕ್ ಎಂದು ಸದ್ದು. ನನ್ನ ತೊಟ್ಟು ಒಡೆದು ಜೀವ ಹೋಗುವಷ್ಟು ಉರಿ. ಹಾಲು ಸಾಲದು, ಕುನ್ನಂಕಾಯಿ ಎಂಬ ಬಾಳೆಕಾಯಿಯ ಹುಡಿ ಕಾಯಿಸಿ ಮಣ್ಣಿ (ಗಂಜಿ) ಕೊಡು ಎಂದು ಅಜ್ಜಿ ಹೇಳುತ್ತಾರೆ. ಡಬ್ಬಿ ಹಾಲು ಕೊಡು ಎಂದು ನೆರೆಮನೆಯವರು. ಏನು ಮಾಡಲಿ?

ಉತ್ತರ: ಒಂದು ಗಂಟೆ ಉರಿ ಸಹಿಸಿ ಹಾಲು ಕೊಟ್ಟು, ಮತ್ತೆ ಅಳು ಕೇಳಿ ಪುನಃ ಎತ್ತಿಕೊಳ್ಳುವವಳ ಮೇಲೆ ತಪ್ಪು ಹೊರಿಸಲು ಯಾರಿಗೂ ಅಧಿಕಾರವಿಲ್ಲ. ನೀವೂ ಹೊರಿಸಿಕೊಳ್ಳಬೇಡಿ. ಆದರೆ ಈ ವಿಷಯವನ್ನು ಮುಂದಿನ ತಿಂಗಳಿಗೆ ಎಳೆಯುವುದೂ ಬೇಡ.

ಮೊದಲು ಲೆಕ್ಕ ನೋಡೋಣ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿಯುತ್ತದೆ, ನೂರಕ್ಕೆ ಹತ್ತರವರೆಗೂ ಇಳಿಯಬಹುದು. ನಿಮ್ಮ ಮಗು ಇಳಿದದ್ದು ಒಂಬತ್ತರ ಹತ್ತಿರ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ 25ರಿಂದ 30 ಗ್ರಾಂ ಏರುವುದು ವಾಡಿಕೆ. ನಿಮ್ಮ ಮಗು ಐದನೇ ದಿನದಿಂದ ಈಚೆಗೆ ಏರಿದ್ದು 650 ಗ್ರಾಂ, ಅಂದರೆ ದಿನಕ್ಕೆ ಹದಿನೈದರ ಹತ್ತಿರ. ಆಗಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ತಕ್ಕಡಿಗಳ ನಡುವೆ, ಟೊಪ್ಪಿ, ಒದ್ದೆ ಬಟ್ಟೆ ಎಂದು ನೂರು ಗ್ರಾಂ ಆಚೀಚೆ ಆಗುವುದುಂಟು. ಅದನ್ನು ಬಿಟ್ಟರೂ ಏರಿಕೆ ನಿಧಾನವೇ. ಕಾರ್ಡಿನಲ್ಲಿರುವ ಗೆರೆಯ ಚಿತ್ರವನ್ನು ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ತೋರಿಸಿ, ಬರೆದದ್ದನ್ನು ಓದಿ ಹೇಳಿ ಎಂದು ಕೇಳಿ. ನಿಮ್ಮ ಕಡೆ ಕನ್ನಡವೋ ತುಳುವೋ ಬಲ್ಲವರು ಸಿಗುತ್ತಾರೆ. ಅರ್ಥವಾಗದ ಕಾರ್ಡು ಹಿಡಿದುಕೊಂಡು ಮನೆಗೆ ಬರಬೇಡಿ.

ಟಕ್ ಟಕ್ ಸದ್ದು, ಒಡೆದ ತೊಟ್ಟು, ಮುಗಿಯದ ಕುಡಿತ, ಈ ಮೂರೂ ಒಟ್ಟಿಗೆ ಇದ್ದರೆ ನನ್ನ ಮೊದಲ ಸಂಶಯ ಹಾಲಿನ ಮೇಲಲ್ಲ, ಮಗು ಬಾಯಿ ಹಾಕುವ ರೀತಿಯ ಮೇಲೆ. ತೊಟ್ಟನ್ನಷ್ಟೇ ಕಚ್ಚಿಕೊಂಡರೆ ಹಾಲು ಇಳಿಯುವುದಿಲ್ಲ. ಚೀಪಿ ಚೀಪಿ ದಣಿದು ನಿದ್ದೆ ಹೋಗುತ್ತದೆ, ಹಸಿವಿನಲ್ಲೇ ಏಳುತ್ತದೆ. ಮೊಲೆ ಖಾಲಿಯಾಗದಿದ್ದರೆ ದೇಹ ಹಾಲು ಕಡಿಮೆ ಮಾಡುತ್ತಾ ಹೋಗುತ್ತದೆ. ಆಗ ‘ಹಾಲು ಸಾಲದು’ ಎಂಬ ಮಾತು ನಿಜವಾಗಿಬಿಡುತ್ತದೆ.

ಗೋಡೆಗೆ ಬೆನ್ನು ಕೊಟ್ಟು ಆರಾಮವಾಗಿ ಕುಳಿತುಕೊಳ್ಳಿ. ಮಗುವಿನ ಕುತ್ತಿಗೆ ಮಾತ್ರ ಹೊರಳದೆ ಇಡೀ ಮೈ ನಿಮ್ಮ ಕಡೆ ತಿರುಗಿರಲಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ, ಮೂಗು ತೊಟ್ಟಿನ ನೇರಕ್ಕೆ ಇರಲಿ. ತೊಟ್ಟಿನಿಂದ ಮೇಲ್ದುಟಿ ಸವರಿ ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ಕ್ಷಣ ಮಗುವನ್ನು ಮೊಲೆಯ ಹತ್ತಿರ ತನ್ನಿ. ನೀವು ಬಗ್ಗಿ ಮೊಲೆಯನ್ನು ಬಾಯಿಗೆ ತುರುಕಬೇಡಿ. ಸರಿಯಾಗಿ ಹಿಡಿದಿದ್ದರೆ ಗದ್ದ ಮೊಲೆಗೆ ಒತ್ತಿರುತ್ತದೆ, ಕೆಳದುಟಿ ಹೊರಗೆ ಮಡಚಿರುತ್ತದೆ, ಕೆನ್ನೆಯಲ್ಲಿ ಗುಳಿ ಬೀಳುವುದಿಲ್ಲ. ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಮೊದಲ ಎಳೆತದ ನಂತರವೂ ನೋವು ನಿಲ್ಲದಿದ್ದರೆ ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲ ಬೇಕಾದರೂ ಮಾಡಿ, ಬೇಸರಪಡಬೇಡಿ.

ಆಮೇಲೆ ಕಿವಿಗೊಟ್ಟು ಕೇಳಿ. ಒಂದೆರಡು ಎಳೆತಕ್ಕೊಮ್ಮೆ ‘ಕ್’ ಎಂದು ನುಂಗುವ ಸದ್ದು ಬರಬೇಕು. ನುಂಗದೆ ಬರೀ ಬಾಯಾಡಿಸತೊಡಗಿದರೆ ಮೊಲೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ, ಹಾಲು ಇಳಿದಾಗ ಮಗು ಮತ್ತೆ ನುಂಗುತ್ತದೆ. ಒತ್ತಿದರೂ ನುಂಗದಿದ್ದರೆ ಇನ್ನೊಂದು ಮೊಲೆಗೆ ಹಾಕಿ. ಗಡಿಯಾರ ನೋಡಿ ಬದಲಿಸಬೇಡಿ.

ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕೊಡಬೇಕು, ರಾತ್ರಿಯೂ ಸೇರಿ. ಇಲ್ಲಿ ನಮ್ಮೂರ ಬಾಣಂತನದ ಒಂದು ಮಾತು ಹೇಳಬೇಕು. ಎಣ್ಣೆ ತಿಕ್ಕಿ ಬಿಸಿನೀರಿನಲ್ಲಿ ಮೀಯಿಸಿ, ಬಟ್ಟೆ ಸುತ್ತಿ ಮಲಗಿಸಿದ ಮಗು ನಾಲ್ಕು ಗಂಟೆ ಏಳುವುದಿಲ್ಲ. ಎಷ್ಟು ಒಳ್ಳೆಯ ನಿದ್ದೆ ಎಂದು ಮನೆಯವರಿಗೆ ಖುಷಿ. ತೂಕ ಏರದ ಮಗುವಿಗೆ ಅದು ತಪ್ಪಿಹೋದ ಒಂದು ಹೊತ್ತಿನ ಊಟ. ಮೀಯಿಸುವ ಸ್ವಲ್ಪ ಹೊತ್ತಿನ ಮುಂಚೆ ಕುಡಿಸಿ, ಮೂರು ಗಂಟೆ ದಾಟಿದರೆ ಬಟ್ಟೆ ಬಿಚ್ಚಿ ಎಬ್ಬಿಸಿ. ಬಾಣಂತಿ ನೀರು ಕುಡಿಯಬಾರದು ಎಂಬ ಪಥ್ಯವನ್ನು ದಯವಿಟ್ಟು ಬಿಡಿ, ಬಾಯಾರಿದಷ್ಟು ಕುಡಿಯಿರಿ.

ಪ್ರತಿ ಸಲ ಕುಡಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕೈಯಿಂದ ಹಾಲು ಹಿಂಡಿ ತೆಗೆದು ಒಳಲೆಯಲ್ಲಿ (ಕೊಕ್ಕಿರುವ ಪುಟ್ಟ ಬಟ್ಟಲು) ಕುಡಿಸಿ. ಬಾಟ್ಲಿ ಬೇಡ. ಒಳಲೆಯ ಕೊಕ್ಕಿನ ತುದಿಯಲ್ಲಿ ಹಾಲಿನ ಜಿಡ್ಡು ಕೂತಿರುತ್ತದೆ, ಬೆರಳಿಗೆ ಸಿಗುವುದಿಲ್ಲ. ಸಣ್ಣ ಬ್ರಶ್ಶಿನಿಂದ ತಿಕ್ಕಿ, ಹತ್ತು ನಿಮಿಷ ಕುದಿಸಿ. ಹಿಂಡಿದ ಹಾಲು ಹೊರಗಡೆ ಮೂರು ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಇಷ್ಟಾದರೂ ಸಾಲದೆ ಡಾಕ್ಟರು ಡಬ್ಬಿ ಹಾಲು ಸೇರಿಸಲು ಹೇಳಿದರೆ ಅದು ನಿಮ್ಮ ಸೋಲಲ್ಲ. ಹೇಳಿದ ಅಳತೆಯಲ್ಲೇ ಕಲಸಿ. ಹುಡಿ ಉಳಿಸಲೆಂದು ನೀರು ಹೆಚ್ಚಿಸಿದರೆ ತೂಕ ಇನ್ನೂ ಇಳಿಯುತ್ತದೆ.

ಅಜ್ಜಿಯ ಕುನ್ನಂಕಾಯಿ ಹುಡಿಯ ಬಗ್ಗೆ ನನಗೆ ಗೌರವವಿದೆ. ಕಾಸರಗೋಡಿನ ಎಷ್ಟೋ ಮಕ್ಕಳು ಆ ಮಣ್ಣಿ ತಿಂದು ಬೆಳೆದವರು. ಆದರೆ ಅದರ ಕಾಲ ಆರು ತಿಂಗಳು ತುಂಬಿದ ಮೇಲೆ. ಈಗ ಕೊಟ್ಟರೆ ಪುಟ್ಟ ಹೊಟ್ಟೆ ತೆಳ್ಳನೆಯ ಮಣ್ಣಿಯಿಂದ ತುಂಬಿಹೋಗುತ್ತದೆ. ತಾಯಿಯ ಹಾಲಿನಲ್ಲಿರುವಷ್ಟು ಕೊಬ್ಬು, ಪ್ರೋಟೀನು ಅದರಲ್ಲಿಲ್ಲ. ಮಗು ಮೊಲೆ ಕಡಿಮೆ ಕುಡಿಯುತ್ತದೆ, ಹಾಲು ಇನ್ನಷ್ಟು ಬತ್ತುತ್ತದೆ. ಹುಡಿಯನ್ನು ತೆಗೆದಿಡಿ, ಆರು ತಿಂಗಳಾದಾಗ ಅಜ್ಜಿಯೇ ತಮ್ಮ ಕೈಯಿಂದ ಮೊದಲ ಚಮಚ ಕೊಡಲಿ. ಆಗ ಅಂಗನವಾಡಿಯಲ್ಲಿ ಸಿಗುವ ಅಮೃತಂ ನ್ಯೂಟ್ರಿಮಿಕ್ಸನ್ನೂ ತನ್ನಿ, ಗೋಧಿ, ಕಡಲೆಬೇಳೆ, ನೆಲಗಡಲೆ, ಸೋಯಾ ಸೇರಿಸಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ತಯಾರಿಸುವ ಹುಡಿ ಅದು. ಜೇನು, ತೇದ ಬಜೆ, ಗ್ರೈಪ್ ವಾಟರ್, ಬರೀ ನೀರು ಈಗ ಯಾವುದೂ ಬೇಡ. ಜೇನಂತೂ ಒಂದು ವರ್ಷದವರೆಗೂ ಬೇಡ, ಅದರಿಂದ ಶಿಶುಗಳಿಗೆ ಅಪರೂಪಕ್ಕೆ ಪ್ರಾಣಕ್ಕೇ ಕುತ್ತು ತರುವ ವಿಷಬಾಧೆ ಆಗುವುದುಂಟು.

ಎಲ್ಲವೂ ಹಿಡಿಸುವ ರೀತಿಯ ತಪ್ಪೇ ಎಂದು ನಾನು ದೂರದಿಂದ ಹೇಳಲಾರೆ. ಎರಡು ಮೂರು ದಿನದೊಳಗೆ ಮಕ್ಕಳ ಡಾಕ್ಟರಿಗೆ ತೋರಿಸಿ, ಅವರೆದುರೇ ಒಮ್ಮೆ ಹಾಲು ಕೊಡಿ. ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿದೆಯೇ, ಹೃದಯದ ಬಡಿತ ಸರಿಯಿದೆಯೇ ನೋಡುತ್ತಾರೆ. ಬೇಕಾದರೆ ಮೂತ್ರದ ಸೋಂಕಿಗೆ, ಥೈರಾಯ್ಡಿಗೆ ಪರೀಕ್ಷೆ ಮಾಡಿಸುತ್ತಾರೆ. ಕುಡಿಯುವಾಗ ಹಣೆಯಲ್ಲಿ ಬೆವರು, ನಿಮಿಷಕ್ಕೆ ಅರವತ್ತಕ್ಕಿಂತ ಹೆಚ್ಚು ಉಸಿರು, ನೀಲಿ ತುಟಿ, ಜ್ವರ, ಹಸಿರು ವಾಂತಿ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಕಣ್ಣು ಹಳದಿಯಾಗಿದ್ದು ಮಲ ಸುಣ್ಣದಂತೆ ಬಿಳಿಚಿದ್ದರೆ ಒಂದು ದಿನವೂ ಕಾಯಬೇಡಿ.

ಡೈಪರು ಬಿಟ್ಟು ಬಟ್ಟೆಯ ಲಂಗೋಟಿ ಕಟ್ಟಿ, ಆಗ ಎಣಿಕೆ ಸಿಗುತ್ತದೆ. ದಿನ ರಾತ್ರಿ ಸೇರಿ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು. ಇವತ್ತೇ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಬಟ್ಟೆ ಬಿಚ್ಚಿ ತೂಗಿಸಿ ಬರೆದಿಡಿ. ಏಳು ದಿನ ಕಳೆದು ಅದೇ ತಕ್ಕಡಿಯಲ್ಲಿ ಮತ್ತೆ ತೂಗಿಸಿ. 150 ಗ್ರಾಂ ಏರಿದ್ದರೆ ಇದನ್ನೇ ಮುಂದುವರಿಸಿ. ಅಷ್ಟಿಲ್ಲದಿದ್ದರೆ ಅದೇ ದಿನ ಕಾರ್ಡು ಹಿಡಿದುಕೊಂಡು ಪುನಃ ಡಾಕ್ಟರಲ್ಲಿಗೆ ಹೋಗಿ.