ಭೂದೃಶ್ಯ ಚಿತ್ರದಲ್ಲಿ ರಾಜಕೀಯಕ್ಕೇನು ಕೆಲಸ?

ಮಾನ್ಯ ಓದುಗರೆ,

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟಬಲ್‌ನ ‘ದಿ ಹೇ ವೇನ್’ (ಹುಲ್ಲಿನ ಬಂಡಿ) ಚಿತ್ರವನ್ನು ಕುರಿತ ನಮ್ಮ ಲೇಖನವು ಹೊಳೆ, ಮರ, ಮೋಡಗಳ ಸೊಬಗನ್ನು ಬದಿಗೊತ್ತಿ ಕೃಷಿಕೂಲಿಗಳ ದಂಗೆಯನ್ನು ಎಳೆದು ತಂದಿದೆ, ಮರಗಳಿಗೆ ಯಾವ ಪಕ್ಷವೂ ಇರುವುದಿಲ್ಲ ಎಂದು ನೀವು ಆಕ್ಷೇಪಿಸಿದ್ದೀರಿ. ಮರಗಳಿಗೆ ಪಕ್ಷವಿಲ್ಲ, ನಿಜ. ಆದರೆ ಅವುಗಳನ್ನು ಎಲ್ಲಿ ನಿಂತು ನೋಡಬೇಕು, ನೆರಳಿನಲ್ಲಿ ಯಾರನ್ನು ಕೂರಿಸಬೇಕು, ಯಾರನ್ನು ಚೌಕಟ್ಟಿನಿಂದ ಹೊರಗಿಡಬೇಕು ಎಂಬುದನ್ನು ತೀರ್ಮಾನಿಸುವ ಕಲಾವಿದನಿಗೆ ಮನೆತನವೂ ಇರುತ್ತದೆ, ಕಾಲವೂ ಇರುತ್ತದೆ.

ಕಾನ್‌ಸ್ಟಬಲ್ ಪೂರ್ವ ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ಗಿರಣಿ ಮಾಲೀಕ ಹಾಗೂ ಧಾನ್ಯದ ವ್ಯಾಪಾರಿಯೊಬ್ಬನ ಮಗ. ನೆಪೋಲಿಯನ್ ವಿರುದ್ಧದ ಯುದ್ಧ 1815ರಲ್ಲಿ ಮುಗಿದ ಮೇಲೆ ಧಾನ್ಯದ ಬೆಲೆ ಕುಸಿದು, ಕೂಲಿ ಇಳಿದು, ಪೂರ್ವ ಇಂಗ್ಲೆಂಡಿನ ಹಳ್ಳಿಗಳಲ್ಲಿ 1816ರಲ್ಲೂ 1822ರಲ್ಲೂ ಒಕ್ಕಣೆ ಯಂತ್ರಗಳನ್ನು ಒಡೆದು ಬಣವೆಗಳಿಗೆ ಬೆಂಕಿ ಇಟ್ಟ ಘಟನೆಗಳು ನಡೆದವು. ಈ ಚಿತ್ರ ಪ್ರದರ್ಶನಗೊಂಡದ್ದು ಇವೆರಡರ ನಡುವೆ, 1821ರಲ್ಲಿ. ಊರಿನಲ್ಲಿ ರಾತ್ರಿ ಕಾಣುವ ಬೆಂಕಿಗಳ ಸುದ್ದಿ ಸೋದರನಿಂದ ಅವನಿಗೆ ತಲುಪಿತ್ತು; 1822ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಅದರ ಪ್ರಸ್ತಾಪವಿದೆ. ಇಷ್ಟರಿಂದಲೇ ಚಿತ್ರವನ್ನು ಭೂಮಾಲೀಕರ ಪ್ರಚಾರವೆಂದು ಕರೆಯುವವರೊಂದಿಗೆ ನಾವಿಲ್ಲ. ನಾವು ಹೇಳಿದ್ದು ಕಣ್ಣಿಗೆ ಕಾಣುವ ಸಂಗತಿಯನ್ನೇ: ಬಲಗಡೆ, ದೂರದ ಬಯಲಿನಲ್ಲಿ, ಹುಲ್ಲು ಕೊಯ್ಯುವವರು ಬಿಳಿಯ ಚುಕ್ಕೆಗಳಷ್ಟೇ ಆಗಿದ್ದಾರೆ, ಶ್ರಮಕ್ಕೆ ಅಲ್ಲಿ ಮುಖವಿಲ್ಲ.

ಸುಮಾರು 1750ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಚಿತ್ರಕಾರ ಗೇನ್ಸ್‌ಬರೊ ಬರೆದ ‘ಮಿಸ್ಟರ್ ಅಂಡ್ ಮಿಸೆಸ್ ಆಂಡ್ರ್ಯೂಸ್’ ಇನ್ನೂ ಸ್ಪಷ್ಟ. ಜಮೀನ್ದಾರ ದಂಪತಿ ಚಿತ್ರದ ಒಂದು ಬದಿಗೆ ಸರಿದು, ಉಳಿದ ಜಾಗವನ್ನೆಲ್ಲ ತಮ್ಮ ಹೊಲಕ್ಕೆ ಬಿಟ್ಟುಕೊಟ್ಟಿದ್ದಾರೆ. ಕೊಯ್ದ ಪೈರು ಸಿವುಡುಗಳಾಗಿ ನಿಂತಿದೆ, ಕೊಯ್ದವರು ಮಾತ್ರ ಎಲ್ಲಿಯೂ ಇಲ್ಲ.

ನಿಮ್ಮ ಆಕ್ಷೇಪದಲ್ಲಿ ಒಪ್ಪತಕ್ಕ ಅಂಶವೂ ಇದೆ. ಯಾವ ಚಿತ್ರದ ಕೆಳಗೆ ಅಚ್ಚು ಹಾಕಿದರೂ ಸಲ್ಲುವಂಥ ಸಾಮಾಜಿಕ ವ್ಯಾಖ್ಯಾನಗಳು ಬೇಕಾದಷ್ಟಿವೆ. ಅವುಗಳನ್ನು ಬರೆಯುವವರು ಚಿತ್ರದ ಮುಂದೆ ನಿಂತಿರುತ್ತಾರೆಯೇ ಎಂಬ ಅನುಮಾನ ನಮಗೂ ಬಂದದ್ದುಂಟು. ಹೇಳಿದ ಮಾತಿಗೆ ಬಣ್ಣದಲ್ಲೋ ಅಳತೆಯಲ್ಲೋ ಖಾಲಿ ಬಿಟ್ಟ ಜಾಗದಲ್ಲೋ ಬೆರಳಿಟ್ಟು ತೋರಿಸುವಂತಿರಬೇಕು.

ಇಷ್ಟೆಲ್ಲ ತಿಳಿದ ಮೇಲೆ ಚಿತ್ರವನ್ನು ಸವಿಯುವುದಾದರೂ ಹೇಗೆ ಎಂದು ಕೇಳಿದ್ದೀರಿ. ಅಮೆರಿಕದ ಚಿತ್ರಕಾರ ಆಲ್ಬರ್ಟ್ ಬಿಯರ್‌ಸ್ಟಾಟ್ 1865ರಲ್ಲಿ ಚಿತ್ರಿಸಿದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯನ್ನು ನೋಡಿ: ಹೊಂಬೆಳಕು ತುಂಬಿದ ಆ ವಿಶಾಲ ದೃಶ್ಯದಲ್ಲಿ ನರಪಿಳ್ಳೆಯೂ ಇಲ್ಲ. ಅಲ್ಲಿ ನೆಲೆಸಿದ್ದ ಅಹ್ವಾನೀಚಿ ಎಂಬ ಮೂಲನಿವಾಸಿ ಜನರ ಹಟ್ಟಿಗಳನ್ನೂ ಆಹಾರದ ದಾಸ್ತಾನನ್ನೂ 1851ರಲ್ಲಿ ಮಾರಿಪೋಸಾ ಎಂಬ ಸಶಸ್ತ್ರ ದಳ ಸುಟ್ಟು, ಅವರನ್ನು ಕಣಿವೆಯಿಂದ ಅಟ್ಟಿತ್ತು. ಇದನ್ನು ತಿಳಿದರೂ ಬಿಯರ್‌ಸ್ಟಾಟ್‌ನ ಬೆಳಕು ಮಂಕಾಗುವುದಿಲ್ಲ. ಆದರೆ ಆ ನಿರ್ಜನತೆಯನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದುಬಿಡಲು ಬರುವುದಿಲ್ಲ.

— ಸಂಪಾದಕ