ಓಟಗಾರರ ಹಿಂದೆ ಭಾರದ ಜೂಮ್

ಪ್ರಶ್ನೆ: ಕ್ರೀಡಾಕೂಟಗಳ ಓಟ ತೆಗೆಯಲೆಂದು 150–600 ಎಂ.ಎಂ. ಜೂಮ್ ಲೆನ್ಸ್ ಕೊಂಡಿದ್ದೇನೆ. ಅರ್ಧ ಗಂಟೆಗೇ ಕೈ ಸೋಲುತ್ತದೆ. ಸೆಕೆಂಡಿನ 1/500 ಶಟರ್ ವೇಗದಲ್ಲಿ ತೆಗೆದರೂ ಕಾಲುಗಳು ಮಸುಕು. ಎಷ್ಟೋ ಸಲ ಹಿಂದಿನ ಪ್ರೇಕ್ಷಕರು ಸ್ಪಷ್ಟವಾಗಿ ಬಂದು ಓಟಗಾರರೇ ಮಸುಕಾಗುತ್ತಾರೆ. ಲೆನ್ಸ್ ಸರಿಯಿಲ್ಲವೇ?
— ಓದುಗರು, ಹಾಸನ

ಉತ್ತರ: ಲೆನ್ಸನ್ನು ಈಗಲೇ ದೂರಬೇಡಿ. ಈ ಬಗೆಯ ಲೆನ್ಸ್ ಒಂದೇ ಸುಮಾರು 2 ಕೆ.ಜಿ. ತೂಗುತ್ತದೆ, ಕೈ ಸೋಲುವುದು ಸಹಜ. ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ತೆಗೆದುಕೊಳ್ಳಿ. ಅದನ್ನು ಕ್ಯಾಮೆರಾದ ತಳಕ್ಕೆ ಕೂಡಿಸಬಾರದು, ಲೆನ್ಸ್ ಕಾಲರಿನ (ಲೆನ್ಸ್ ಸುತ್ತಲಿನ ಬಳೆಯ) ಪಾದಕ್ಕೇ ಬಿಗಿಯಬೇಕು. ಇಲ್ಲವಾದರೆ ಭಾರವೆಲ್ಲ ಕ್ಯಾಮೆರಾಗೆ ಲೆನ್ಸ್ ಸೇರುವ ಮೌಂಟಿನ ಮೇಲೆ ಬಿದ್ದು ಮೂತಿ ಮುಂದಕ್ಕೆ ಜಗ್ಗುತ್ತದೆ. ಕಾಲರಿನ ತಿರುಪು ತುಸು ಸಡಿಲವಿರಲಿ, ಅಡ್ಡ ಚೌಕಟ್ಟಿನಿಂದ ಉದ್ದಕ್ಕೆ ತಿರುಗಿಸುವುದು ಸುಲಭ.

100 ಮೀಟರನ್ನು 11 ಸೆಕೆಂಡಿನಲ್ಲಿ ಓಡುವವರು ಸೆಕೆಂಡಿಗೆ ಸುಮಾರು 9 ಮೀಟರ್ ಸಾಗುತ್ತಾರೆ. ಅಂದರೆ 1/500ರಲ್ಲಿ ಮೈ ಸುಮಾರು 1.8 ಸೆಂ.ಮೀ. ಸರಿದಿರುತ್ತದೆ. ಮುಂದಕ್ಕೆ ಬೀಸುವ ಪಾದದ ವೇಗ ಅದರ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ 1/1600ಕ್ಕೆ ಏರಿಸಿ, ಅಪರ್ಚರ್ (ಬೆಳಕು ಬರುವ ರಂಧ್ರ) ಪೂರ್ತಿ ತೆರೆದು, ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವಾದ ಐಎಸ್‌ಒ ಆಟೊದಲ್ಲಿಡಿ. ಮೋಡದ ದಿನ 3200 ತಲುಪಿದರೂ ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಮಸುಕಾದ ಕಾಲನ್ನು ತಿದ್ದಲಾಗದು.

ಪ್ರೇಕ್ಷಕರ ಮೇಲೆ ಫೋಕಸ್ ಕೂರುತ್ತಿದ್ದರೆ, ಒಂದೋ ನೀವು ಒಮ್ಮೆ ಹಿಡಿದಲ್ಲೇ ನಿಲ್ಲುವ ಸಿಂಗಲ್ ಫೋಕಸ್‌ನಲ್ಲಿದ್ದೀರಿ, ಇಲ್ಲವೇ ಫೋಕಸ್ ಕ್ಷೇತ್ರ ತೀರ ಅಗಲವಾಗಿದೆ. ಚಲಿಸುವವರನ್ನು ಹಿಂಬಾಲಿಸುವ ಕಂಟಿನ್ಯುಯಸ್ ಫೋಕಸ್‌ಗೆ ಬದಲಿಸಿ, ಚಿಕ್ಕ ಗುಂಪಿನ ಬಿಂದುಗಳನ್ನು ಆರಿಸಿ, ಎದೆಯ ಚೆಸ್ಟ್ ನಂಬರ್ ಮೇಲೆ ಇಡಿ. ಬಿಳಿ ಬಟ್ಟೆಯ ಮೇಲಿನ ಕಪ್ಪು ಅಂಕಿಯನ್ನು ಫೋಕಸ್ ಬೇಗ ಹಿಡಿಯುತ್ತದೆ. ನಿಮಗೆ ಬೇಕಾದ ಜಾಗಕ್ಕೆ 20–30 ಮೀಟರ್ ಮೊದಲೇ ಬಟನ್ ಅರ್ಧ ಒತ್ತಿ ಹಿಂಬಾಲಿಸಿ, ಆಮೇಲಷ್ಟೇ ಬರ್ಸ್ಟ್ (ಒಂದರ ಹಿಂದೊಂದು ಸರಣಿ ಚಿತ್ರ). ಓಡಿ ಬರುತ್ತಿರುವಾಗಲೇ ಜೂಮ್ ತಿರುಗಿಸುವ ಆಸೆ ಸದ್ಯಕ್ಕೆ ಬೇಡ: ರಿಂಗ್ ಬಿಗಿ, ತಿರುಗಿಸಬೇಕಾದ ದೂರವೂ ಹೆಚ್ಚು, ಅಷ್ಟರಲ್ಲಿ ಓಟಗಾರರು ಚೌಕಟ್ಟಿನಿಂದ ಹೊರಗೆ. ಜೂಮನ್ನು 400 ಎಂ.ಎಂ.ನಲ್ಲಿ ನಿಲ್ಲಿಸಿ, ಅವರೇ ಚೌಕಟ್ಟು ತುಂಬಲಿ.

ಅಂಪೈರುಗಳ ಅನುಮತಿ ಪಡೆದು, ಫಿನಿಶ್ ಗೆರೆಯ ಆಚೆ, ಟ್ರ್ಯಾಕಿನ ಹೊರಗೆ ಮಂಡಿಯೂರಿ ಕುಳಿತುಕೊಳ್ಳಿ. ಬೆಳಿಗ್ಗೆಯ ಅರ್ಹತಾ ಸುತ್ತಿನ ಹೀಟ್‌ಗಳನ್ನು ಬಿಡಬೇಡಿ. ಮಧ್ಯಾಹ್ನ ಕಾದ ಟ್ರ್ಯಾಕಿನ ಮೇಲೆ ಗಾಳಿ ಅಲೆಅಲೆಯಾಗಿ ಏಳುವಾಗ 600ರಲ್ಲಿ ಯಾವ ಲೆನ್ಸ್ ಆದರೂ ಮೆತ್ತಗೆ ಕಾಣುತ್ತದೆ.

ಪ್ರಶ್ನೆ: ಹಿನ್ನೆಲೆ ಗೆರೆಗೆರೆಯಾಗಿ ಹರಿದಂತೆ ಪ್ಯಾನಿಂಗ್ (ಓಟಗಾರರ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು) ಮಾಡುವುದು ಹೇಗೆ?
— ಓದುಗರು, ಶಿರಸಿ

ಉತ್ತರ: ಟ್ರ್ಯಾಕಿಗೆ ಪಕ್ಕದಿಂದ ನಿಂತು, 1/60ಕ್ಕೆ ಇಳಿಸಿ, ನಡುಕ ತಡೆಯುವ ಸ್ಟೆಬಿಲೈಜರನ್ನು ಪ್ಯಾನಿಂಗ್ ಮೋಡ್‌ಗೆ ಹಾಕಿ. ಕೈಯಿಂದ ತಿರುಗಿಸದೆ ಸೊಂಟದಿಂದ ತಿರುಗಿ. ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. 800 ಮೀಟರ್ ಓಟದಿಂದ ಶುರುಮಾಡಿ: ವೇಗ ಕಡಿಮೆ, ಎರಡು ಸುತ್ತು ಇರುವುದರಿಂದ ಒಂದೇ ತಿರುವಿನಲ್ಲಿ ಎರಡು ಅವಕಾಶ.