‘ಕ್ವೈಟ್ ಗುಡ್’ ಅಂದರೆ ಖುಷಿಪಡಬೇಕಾ?

“ಅಕ್ಕ, ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು. ನನ್ನ ಮೊದಲ ವರದಿ ನೋಡಿ ಮ್ಯಾನೇಜರ್ ‘ಕ್ವೈಟ್ ಗುಡ್’ ಅಂತ ಬರೆದಿದ್ದಾರೆ. ಹೊಗಳಿಕೆ ತಾನೇ? ವೆರಿ ಬದಲು ನಾನೂ ಕ್ವೈಟ್ ಬಳಸಬಹುದಾ? ಟೂ, ರಾದರ್ ಯಾವಾಗ ಬಳಸೋದು? ಉಚ್ಚಾರಣೆ ಬದಲಿಸಿಕೊಳ್ಳಬೇಕಾ?” ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದೆಯಲ್ಲ, ನೀನು ಎಂದೇ ಬರೆಯುತ್ತೇನೆ.

ಉಚ್ಚಾರಣೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡು, ಸಾಕು.

ಮ್ಯಾನೇಜರ್ ಬರೆದ ಮಾತಿಗೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಬ್ರಿಟಿಷರು ಕ್ವೈಟ್ ಗುಡ್ ಎಂದರೆ ಬಹಳ ಸಲ ಅದು ‘ಪರವಾಗಿಲ್ಲ’ ಎಂಬ ಮಟ್ಟದ್ದು. ಅದೇ ಮಾತನ್ನು ಅಮೆರಿಕದವರು ಬರೆದಿದ್ದರೆ ‘ತುಂಬಾ ಚೆನ್ನಾಗಿದೆ’ ಎಂಬ ಕಡೆಗೆ ವಾಲುತ್ತದೆ. ಹಾಗಾಗಿ ಬರೆದವರು ಎಲ್ಲಿಯವರು ಎಂದು ಮೊದಲು ನೋಡು.

ನಾನು ಬಂದ ಹೊಸದರಲ್ಲಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗನೊಬ್ಬ ಇದ್ದ. ಅವನ ವರದಿಯ ತುಂಬಾ ಕ್ವೈಟ್. ಕೆಲಸ ಕ್ವೈಟ್ ಗುಡ್, ವೇಗ ಕ್ವೈಟ್ ಗುಡ್. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಒಂದೊಂದೇ ಸಾಲು ಓದಿ ಹೇಳಿದ. ಆ ಕಡೆಯಿಂದ ಅವರು “ಇನ್ನೊಂದು ಸಲ ಓದು, ನಿಮ್ಮಮ್ಮನೂ ಕೇಳಲಿ” ಅಂದದ್ದು ಪಕ್ಕದಲ್ಲಿ ಕೂತಿದ್ದ ನನಗೂ ಕೇಳಿಸಿತು. ಕೆಲವು ತಿಂಗಳ ನಂತರ ಅವನ ಕೆಲಸ ಮುಂದುವರಿಸಲಿಲ್ಲ. “ಮೊದಲೇ ಸೂಚನೆ ಕೊಟ್ಟಿದ್ದೆವಲ್ಲ” ಎಂದರಂತೆ. ಸೂಚನೆ ಇದ್ದದ್ದು ಆ ಕ್ವೈಟ್‌ನಲ್ಲಿ. ಅವನಿಗೆ ಬಿಡಿಸಿ ಹೇಳುವವರು ಒಬ್ಬರೂ ಇರಲಿಲ್ಲ. ಒಳ್ಳೆಯ ಕೆಲಸಗಾರ, ಎಲ್ಲಿ ಸಾಲದು ಎಂದು ಗೊತ್ತಾಗಿದ್ದರೆ ತಿದ್ದಿಕೊಳ್ಳುತ್ತಿದ್ದ. ಈ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ನಮ್ಮ ಮೇಷ್ಟ್ರುಗಳು ಹೇಗೆ ಎಂದು ನಿನಗೆ ಗೊತ್ತಲ್ಲ, ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದರು. ಆಗ ಅಳು ಬರುತ್ತಿತ್ತು. ಇಲ್ಲಿ ಎಷ್ಟೋ ಸಲ ಅಂಥ ಒಂದು ಮಾತಿಗೆ ಕಾದು ಕೂತಿದ್ದೇನೆ.

ಈಗ ಆ ಪದ ನಡೆಯುವ ರೀತಿ ನೋಡು. ಗುಡ್, ಬಿಗ್, ಬ್ಯುಸಿ ಇವೆಲ್ಲ ಹೆಚ್ಚು ಕಡಿಮೆ ಆಗಬಹುದಾದ ಗುಣಗಳು. ಇವುಗಳ ಮುಂದೆ ಬಂದರೆ ಕ್ವೈಟ್ ಅಳತೆಯನ್ನು ನಡುಮಟ್ಟಕ್ಕೆ ತರುತ್ತದೆ. ಇಂಪಾಸಿಬಲ್, ರಾಂಗ್, ಶೂರ್, ಡಿಫರೆಂಟ್ ಇಂಥವುಗಳ ಮುಂದೆ ಬಂದರೆ ‘ಪೂರ್ತಿಯಾಗಿ’ ಎಂದು. ಕ್ವೈಟ್ ಇಂಪಾಸಿಬಲ್ ಎಂದರೆ ಸಾಧ್ಯವೇ ಇಲ್ಲ, ಎರಡನೇ ಮಾತಿಲ್ಲ. ‘ಐ ಕ್ವೈಟ್ ಅಗ್ರೀ’ ಎಂದರೂ ಪೂರ್ತಿ ಒಪ್ಪಿದ್ದಾರೆ ಎಂದೇ. ಹಳೆಯ ಅರ್ಥ ಇದೇ. ನಡುಮಟ್ಟದ ಅರ್ಥ 19ನೇ ಶತಮಾನದಲ್ಲಿ ಬಲವಾದದ್ದು. ಎರಡೂ ಇವತ್ತಿಗೂ ಒಟ್ಟಿಗೇ ಬದುಕಿವೆ.

ಒಂದು ಪದ ಎರಡು ಕಡೆ ಎಳೆಯುತ್ತದೆ ಎಂದು ಹೆದರಬೇಡ. ನಮ್ಮ ‘ಸುಮಾರು’ ಮಾಡುವುದೂ ಇದನ್ನೇ. ‘ಹಾಡು ಸುಮಾರಾಗಿತ್ತು’ ಎಂದರೆ ಅಷ್ಟಕ್ಕಷ್ಟೇ. ‘ಸುಮಾರು ಜನ ಬಂದಿದ್ದರು’ ಎಂದರೆ ಜಾಸ್ತಿಯೇ ಬಂದಿದ್ದರು. ಇಂಗ್ಲಿಷಿನಲ್ಲೂ ‘ಕ್ವೈಟ್ ಎ ಫ್ಯೂ ಪೀಪಲ್’ ಎಂದರೆ ಒಳ್ಳೆ ಗುಂಪೇ ಸೇರಿತ್ತು. ಕನ್ನಡದಲ್ಲಿ ಇದನ್ನು ಯೋಚಿಸದೆ ಸಲೀಸಾಗಿ ಬಳಸುತ್ತೀಯ ಅಲ್ವಾ? ಆ ಕಿವಿ ನಿನಗೆ ಹುಟ್ಟಿನಿಂದಲೇ ಇದೆ.

ಬಾಯಿಮಾತಿನಲ್ಲಾದರೆ ಒತ್ತು ಗಮನಿಸು. ಕ್ವೈಟ್ ಮೇಲೆ ಒತ್ತು ಹಾಕಿ ಎಳೆದರೆ, ಹಿಂದೆಯೇ ಒಂದು ‘ಆದರೆ’ ಬರುತ್ತದೆ ಎಂದುಕೋ. ಒತ್ತು ಗುಡ್ ಮೇಲೆ ಬಿದ್ದರೆ ಮೆಚ್ಚಿಗೆ ಜಾಸ್ತಿ. ಬರಹದಲ್ಲಿ ಇದು ಕೇಳಿಸುವುದೇ ಇಲ್ಲ, ಕಷ್ಟ ಇರುವುದೇ ಅಲ್ಲಿ.

ನೀನು ಬಳಸುವಾಗ ಜಾಗ ನೋಡಿಕೊಂಡು ಇಡು. ‘ಎ ವೆರಿ ಗುಡ್ ಐಡಿಯಾ’, ಆದರೆ ‘ಕ್ವೈಟ್ ಎ ಗುಡ್ ಐಡಿಯಾ’. ವೆರಿ ಬಂದರೆ ಅದಕ್ಕಿಂತ ಮೊದಲೇ ‘ಎ’, ಕ್ವೈಟ್ ಬಂದರೆ ಅದಾದ ಮೇಲೆ ‘ಎ’. ಬೆಟರ್, ಬಿಗ್ಗರ್ ಜೊತೆ ಕ್ವೈಟ್ ಬೇಡ, ಮಚ್ ಹಾಕು. ‘ಕ್ವೈಟ್ ಬೆಟರ್’ ಎನ್ನುವುದು ಕಾಯಿಲೆ ಪೂರ್ತಿ ವಾಸಿಯಾದಾಗ ಮಾತ್ರ. ‘ನಾಟ್ ಕ್ವೈಟ್ ರೆಡಿ’ ಎಂದರೆ ಇನ್ನೇನು ಆಗುತ್ತದೆ, ಚೂರು ಬಾಕಿ. ಇನ್ನೊಬ್ಬರ ಕೆಲಸವನ್ನು ಮನಸಾರೆ ಮೆಚ್ಚಿದಾಗ ಮಾತ್ರ ಕ್ವೈಟ್ ಬಳಸಲೇಬೇಡ. ವೆರಿ ಅಥವಾ ರಿಯಲಿ ಹಾಕು. ನಿನ್ನ ಒಳ್ಳೆಯ ಮನಸ್ಸು ಸುಮ್ನೆ ಅರ್ಧ ಬೆಲೆಗೆ ಹೋಗಬಾರದು.

ಟೂ ಎಂದರೆ ಅತಿಯಾಯ್ತು ಎಂದು. ‘ಟೂ ಗುಡ್’ ಎಂದು ನಾವು ನಾವೇ ಹೇಳಿಕೊಳ್ಳುವುದು ಚೆಂದವೇ. ಆದರೆ ಇಲ್ಲಿಯವರ ಮನೆಗೆ ಹೋಗಿ ‘ಟೂ ಬಿಗ್’ ಎಂದರೆ, ಇಷ್ಟು ದೊಡ್ಡ ಮನೆ ಬೇಕಿರಲಿಲ್ಲ ಎಂದು ಕೇಳಿಸುತ್ತದೆ. ರಾದರ್ ಅನ್ನು ಸದ್ಯಕ್ಕೆ ಕೇಳಿಸಿಕೋ, ಬಳಸಲು ಅವಸರ ಬೇಡ.

ನಿನ್ನ ಮ್ಯಾನೇಜರಿಗೆ ಬರೀ ಧನ್ಯವಾದ ಬರೆದು ಸುಮ್ಮನಾಗಬೇಡ. ಮುಂದಿನ ವರದಿ ಇನ್ನೂ ಚೆನ್ನಾಗಿ ಬರಬೇಕಾದರೆ ಯಾವ ಎರಡು ವಿಷಯ ತಿದ್ದಬೇಕು ಎಂದು ನೇರವಾಗಿ ಕೇಳು. ಎರಡು ಎಂದೇ ಕೇಳು. ಎಣಿಸಿ ಕೇಳಿದರೆ ಎಣಿಸಿ ಹೇಳುತ್ತಾರೆ, ‘ಏನಾದರೂ ಇದೆಯಾ’ ಎಂದರೆ ‘ಏನೂ ಇಲ್ಲ’ ಎಂಬ ನಯವಾದ ಉತ್ತರ ಬರುತ್ತದೆ. ಅವರು ಏನು ಬರೆದರೂ ಅದೇ ಇಂಗ್ಲಿಷಿನಲ್ಲಿ, ಒಂದಕ್ಷರ ಬದಲಿಸದೆ ನನಗೆ ಕಳಿಸು. ಕೂತು ಇಬ್ಬರೂ ಓದೋಣ.